ಗೀಜಗ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ

ಗೀಜಗವು ಗುಬ್ಬಚ್ಚಿಯ ಗಾತ್ರದ, ಕಾಳು ತಿಂದು ಗುಂಪಿನಲ್ಲಿ ಬಾಳುವ, ಹಸಿ ಎಲೆಯ ಸೀಳುಗಳಿಂದ ತೂಗುಗೂಡು ನೇಯುವ ಹಾಡುಹಕ್ಕಿ. ಇದರ ವೈಜ್ಞಾನಿಕ ಹೆಸರು ಪ್ಲೋಸಿಯಸ್ ಫಿಲಿಪ್ಪಿನಸ್. ಪಾಕಿಸ್ತಾನದಿಂದ ಹಿಡಿದು ಭಾರತ, ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್‌ಗಳನ್ನು ಹಾದು ಆಗ್ನೇಯ ಏಷ್ಯಾದ ಜಾವಾದವರೆಗೆ ಇದರ ವ್ಯಾಪ್ತಿ ಹರಡಿದೆ. ದಟ್ಟ ಕಾಡು, ಎತ್ತರದ ಪರ್ವತ, ಬರೀ ಮರಳುಗಾಡು ಬಿಟ್ಟರೆ ಭಾರತದ ಬಯಲಿನಲ್ಲೆಲ್ಲ ಸಾಮಾನ್ಯ. ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ ಇದರ ಬದುಕು ಹೇಗಿದೆ ಎಂಬುದು ಈ ಲೇಖನದ ವಿಷಯ. ಕಾಳು ತಿನ್ನುವ ಹಕ್ಕಿಯಾದ್ದರಿಂದ ಕಾಳು ಬೆಳೆಯುವ ಕಡೆಯಲ್ಲೆಲ್ಲ ಇದು ನೆಲೆಸುತ್ತದೆ ಎಂಬ ಎಣಿಕೆ ರೂಢಿಯಲ್ಲಿದೆ. ಈ ಒಣ ಸೀಮೆಯ ಸಾಕ್ಷ್ಯ ಆ ಎಣಿಕೆಯನ್ನು ಪೂರ್ತಿ ಒಪ್ಪುವುದಿಲ್ಲ. ಗೀಜಗ ಎಲ್ಲಿ ಮರಿ ಮಾಡಬೇಕೆಂಬುದನ್ನು ಇಲ್ಲಿ ತೀರ್ಮಾನಿಸುವುದು ಕಾಳಿಗಿಂತ ಹೆಚ್ಚಾಗಿ ಕೆರೆ, ಬಾವಿ, ತಲಪರಿಗೆಗಳ ಸುತ್ತ ಒಟ್ಟಾಗಿ ಸಿಗುವ ಮೂರು ಸಂಗತಿಗಳು: ಗೂಡು ತೂಗಲು ಆಸರೆ, ನೇಯಲು ಉದ್ದನೆಯ ಹಸಿ ಎಲೆ, ಮರಿಗೆ ಉಣಿಸಲು ಹುಳು.

ವರ್ಗ ಮತ್ತು ಹೆಸರು

ಗೀಜಗ ಪ್ಲೋಸಿಡೇ ಕುಟುಂಬಕ್ಕೆ ಸೇರಿದೆ. ಈ ಕುಟುಂಬದಲ್ಲಿ ನೂರಕ್ಕೂ ಮಿಕ್ಕಿದ ಪ್ರಭೇದಗಳಿದ್ದು, ಬಹುಪಾಲು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದವು. ಭಾರತದಲ್ಲಿರುವುದು ನಾಲ್ಕೇ: ಗೀಜಗ, ಗೆರೆ ಗೀಜಗ, ಕಪ್ಪು ಎದೆಯ ಗೀಜಗ, ಮತ್ತು ಉತ್ತರದ ತರಾಯಿ ಪ್ರದೇಶಕ್ಕೆ ಸೀಮಿತವಾದ ಫಿನ್ನನ ಗೀಜಗ. ಬರೀ ‘ಗೀಜಗ’ ಎಂದಾಗ ಈ ಲೇಖನದಲ್ಲಿ ಮೊದಲನೆಯದೊಂದೇ ಎಂದು ತಿಳಿಯಬೇಕು. ಇಡೀ ಕುಟುಂಬವನ್ನು ಹೇಳಬೇಕಾದಾಗ ‘ನೇಕಾರ ಹಕ್ಕಿಗಳು’ ಎಂದೂ, ಒಂದೇ ತಾಣದಲ್ಲಿ ತೂಗುವ ಗೂಡುಗಳ ಸಮೂಹವನ್ನು ‘ಗೂಡುಕೇರಿ’ ಎಂದೂ ಕರೆದಿದೆ. ಎಲೆಯ ಅಂಚುಗಳನ್ನು ನಾರಿನಿಂದ ಹೊಲಿದು ಗೂಡು ಮಾಡುವ ದರ್ಜಿ ಹಕ್ಕಿಯನ್ನು ಕೆಲವರು ಗೀಜಗದೊಂದಿಗೆ ಬೆರೆಸುವುದುಂಟು. ಅದು ಬೇರೆಯೇ ಕುಟುಂಬದ, ಹುಳು ತಿಂದು ಜೋಡಿಯಾಗಿ ಬಾಳುವ ಹಕ್ಕಿ.

ಲಿನೇಯಸ್ 1766ರಲ್ಲಿ ಇದನ್ನು ಹೆಸರಿಸಿದಾಗ ಮಾದರಿ ಫಿಲಿಪ್ಪೀನ್ಸಿನದೆಂದು ತಪ್ಪಾಗಿ ದಾಖಲಾಯಿತು. ಆ ದ್ವೀಪಗಳು ಇದರ ಸಹಜ ನೆಲೆಯಲ್ಲ. ಮೂಲ ತಾಣ ಶ್ರೀಲಂಕಾ ಎಂದು ಮುಂದೆ ತಿದ್ದಲಾಯಿತು, ಹೆಸರು ಮಾತ್ರ ನಿಯಮದಂತೆ ಹಾಗೇ ಉಳಿಯಿತು. ಉಪಪ್ರಭೇದಗಳಲ್ಲಿ ಭಾರತದ ಬಹುಭಾಗಕ್ಕೆ ಸೇರಿದ್ದು ಫಿಲಿಪ್ಪಿನಸ್, ನೈಋತ್ಯದ ಮಳೆಸೀಮೆಯದು ಟ್ರಾವಂಕೋರೆನ್ಸಿಸ್. ಈ ನಾಲ್ಕು ತಾಲ್ಲೂಕುಗಳ ಹಕ್ಕಿಗಳು ಮೊದಲನೆಯದಕ್ಕೆ ಸೇರುತ್ತವೆ.

ಮೈಕಟ್ಟು ಮತ್ತು ದನಿ

ಉದ್ದ ಸುಮಾರು 15 ಸೆಂಟಿಮೀಟರ್. ಕೊಕ್ಕು ದಪ್ಪ, ಬುಡದಲ್ಲಿ ಅಗಲ, ತುದಿಯಲ್ಲಿ ಮೊನೆ, ಬಾಲ ಮೋಟು. ಬೇಸಗೆಗೆ ಮುಂಚೆ ಗಂಡು ಹೆಣ್ಣು ಎರಡೂ ಒಂದೇ ಬಗೆ: ಬೆನ್ನು ಕಂದುಗೆರೆಗಳ ಮಾಸಲು ಬಣ್ಣ, ಹೊಟ್ಟೆ ತಿಳಿಗಂದು. ಹೆಣ್ಣು ಗುಬ್ಬಚ್ಚಿಯೆಂದು ಹಾದುಹೋಗುವಷ್ಟು ಹೋಲಿಕೆ. ಮರಿ ಮಾಡುವ ಕಾಲಕ್ಕೆ ಗಂಡಿನ ನೆತ್ತಿ ಮತ್ತು ಎದೆ ಹೊಳೆಯುವ ಹಳದಿಗೆ ತಿರುಗುತ್ತವೆ, ಕೆನ್ನೆ ಗಂಟಲುಗಳ ಮೇಲೆ ಕಡುಗಂದು ಮುಸುಕು ಮೂಡುತ್ತದೆ, ಕೊಕ್ಕು ಕಪ್ಪಾಗುತ್ತದೆ. ಮಳೆಗಾಲ ಮುಗಿದ ಮೇಲೆ ಈ ಬಣ್ಣವೆಲ್ಲ ಗರಿಯೊಂದಿಗೆ ಉದುರಿಹೋಗುತ್ತದೆ. ಹಗಲಿನ ಅಳತೆ ಹಿಗ್ಗುವುದನ್ನು ಗ್ರಹಿಸಿ ದೇಹದೊಳಗಿನ ಹಾರ್ಮೋನುಗಳು ಈ ಬದಲಾವಣೆಯನ್ನು ನಡೆಸುತ್ತವೆ. ಹಕ್ಕಿಗಳ ಋತುಚಕ್ರದ ಶರೀರಕ್ರಿಯೆಯನ್ನು ಅರಿಯಲು ಭಾರತದ ಪ್ರಯೋಗಾಲಯಗಳು ಗೀಜಗವನ್ನು ಆರಿಸಿಕೊಂಡದ್ದು ಇದರಿಂದಲೇ.

ಹಾಡುಹಕ್ಕಿಗಳ ಗಣಕ್ಕೆ ಸೇರಿದ್ದರೂ ಇಂಪಾದ ಹಾಡು ಇದರದಲ್ಲ. ಸಾಮಾನ್ಯ ಕೂಗು ‘ಚಿಟ್ ಚಿಟ್’. ಗೂಡುಕೇರಿಯ ಬಳಿ ಹೆಣ್ಣು ಸುಳಿದರೆ ಗಂಡುಗಳೆಲ್ಲ ತಂತಮ್ಮ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ, ಅದೇ ಚಿಟಿಚಿಟಿಯನ್ನು ಉಬ್ಬಸದಂಥ ಎಳೆದ ‘ಚೀ’ಕಾರದಲ್ಲಿ ಮುಗಿಸುತ್ತವೆ. ಒಂಟಿ ದನಿಗಿಂತ ಈ ಮೇಳಕ್ಕೇ ಮಹತ್ವ. ಹೆಣ್ಣನ್ನು ದೂರದಿಂದ ಕರೆತರುವುದು ಇದೇ.

ಸೀಮೆಯ ಸ್ವರೂಪ

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ನಾಲ್ಕು ತಾಲ್ಲೂಕುಗಳ ಬಯಲು ಸಮುದ್ರಮಟ್ಟದಿಂದ ಸುಮಾರು 600ರಿಂದ 800 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಸುಮಾರು 500ರಿಂದ 700 ಮಿಲಿಮೀಟರ್, ಪಾವಗಡದ ಕಡೆಗೆ ಹೋದಷ್ಟೂ ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಹೆಚ್ಚು, ಮಳೆ ಕಡಿಮೆ, ಆಷಾಢದ ಪಡುವಣ ಗಾಳಿ ಜೋರು. ಕೆರೆ ತುಂಬಿಸುವ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಾಗಲಮಡಿಕೆಯ ಬಳಿ ಉತ್ತರ ಪಿನಾಕಿನಿ ಪಾವಗಡ ತಾಲ್ಲೂಕನ್ನು ಮುಟ್ಟುತ್ತದೆ. ಈ ನದಿಗಳು ವರ್ಷದ ಬಹುಕಾಲ ಮರಳೇ. ಹಾಗಾಗಿ ನೆಲದ ಮೇಲಿನ ನೀರೆಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳಿರುವ ಕೆರೆಗಳು. ಅವುಗಳ ಜೊತೆಗೆ ತೋಡಿದ ಬಾವಿಗಳು ಮತ್ತು ಈ ಸೀಮೆಯ ವಿಶೇಷವಾದ ತಲಪರಿಗೆಗಳು. ಹಳ್ಳದ ಪಾತ್ರದಲ್ಲೋ ಕೆರೆಯ ಅಂಗಳದಲ್ಲೋ ಮರಳಿನಿಂದ ಒಸರುವ ನೀರನ್ನು ಕಾಲುವೆ ತೆಗೆದು ಗದ್ದೆಗೆ ಹಾಯಿಸುವ ಊರೊಟ್ಟಿನ ಏರ್ಪಾಡೇ ತಲಪರಿಗೆ.

ಇಡೀ ಸೀಮೆಯನ್ನು ಹಕ್ಕಿಯ ಅಗತ್ಯದ ಕಣ್ಣಿನಿಂದ ನೋಡಿದರೆ ಎರಡು ಬಗೆಯ ನೆಲ ಕಾಣುತ್ತದೆ. ಒಂದು, ಬಹುಪಾಲು ಹರಡಿರುವ ಬೆದ್ದಲು: ಕಡಲೆಕಾಯಿ, ರಾಗಿ, ತೊಗರಿ, ಹುರುಳಿ ಬೆಳೆಯುವ ಹೊಲಗಳು, ನಡುನಡುವೆ ಬೋಳುಬಂಡೆಯ ಗುಡ್ಡಗಳು. ಇನ್ನೊಂದು, ತುಣುಕು ತುಣುಕಾಗಿ ಹರಡಿದ ತರಿ: ಕೆರೆಯ ಕೆಳಗಿನ ಭತ್ತದ ಗದ್ದೆ, ತೋಟ, ಹಳ್ಳದ ದಡದ ಈಚಲು. ಗೀಜಗ ಮೊದಲನೆಯದರಲ್ಲಿ ತಿನ್ನುತ್ತದೆ, ಎರಡನೆಯದರಲ್ಲಿ ಮರಿ ಮಾಡುತ್ತದೆ.

ಆಹಾರ

ಬೆಳೆದ ಹಕ್ಕಿಯ ಮುಖ್ಯ ಆಹಾರ ಹುಲ್ಲುಬೀಜ ಮತ್ತು ಧಾನ್ಯ. ಭತ್ತ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆಗಳನ್ನು ತೆನೆಯ ಮೇಲೂ ಕಟಾವಾದ ನೆಲದ ಮೇಲೂ ಹೆಕ್ಕುತ್ತದೆ. ಹೂವಿನ ಮಕರಂದವನ್ನೂ ಹೀರುವುದುಂಟು. ಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವುದು ಬಹುಪಾಲು ಮಿಡತೆ, ಕಂಬಳಿಹುಳು, ಜೀರುಂಡೆ ಮುಂತಾದ ಕೀಟಗಳನ್ನು. ಮಳೆಗಾಲ ಕಳೆದ ಮೇಲೆ ಗುಂಪುಗಳು ಗುಬ್ಬಚ್ಚಿ, ರಾಟವಾಳಗಳ ಜೊತೆ ಬೆರೆತು ಹೊಲದಿಂದ ಹೊಲಕ್ಕೆ ಅಲೆಯುತ್ತವೆ. ರಾತ್ರಿ ಆಪಿನ ಪೊದೆ, ಕಬ್ಬು, ಜಾಲಿಗಳಲ್ಲಿ ಒಟ್ಟಾಗಿ ತಂಗುತ್ತವೆ.

ಕಾಳೇ ಗೀಜಗದ ನೆಲೆಯನ್ನು ನಿರ್ಧರಿಸುತ್ತದೆ ಎಂಬ ವಾದಕ್ಕೆ ಮೊದಲ ತೊಡಕು ಎದುರಾಗುವುದು ಬೇಸಾಯದ ಕಾಲಗಣನೆಯಲ್ಲಿ. ಬೆದ್ದಲಿನಲ್ಲಿ ಕಡಲೆಕಾಯಿ ಬಿತ್ತುವುದು ಜೂನ್, ಜುಲೈ ಸುಮಾರಿಗೆ. ರಾಗಿ ಜುಲೈ, ಆಗಸ್ಟ್‌ಗೆ. ರಾಗಿ ಕೊಯ್ಲು ನವೆಂಬರ್, ಡಿಸೆಂಬರ್‌ನಲ್ಲಿ. ಗೀಜಗ ಗೂಡಿಗೆ ಕೈಹಾಕುವುದು ಮುಂಗಾರು ತಟ್ಟಿದ ಮೇಲೆ, ಅಂದರೆ ಹೊಲದಲ್ಲಿ ಒಂದು ತೆನೆಯೂ ಇಲ್ಲದ ಕಾಲದಲ್ಲಿ. ಕಾಳಿನ ಸುಗ್ಗಿಯನ್ನು ನೋಡಿಕೊಂಡು ಗೂಡು ಕಟ್ಟುವ ಹಕ್ಕಿಯಾಗಿದ್ದರೆ ಅದು ಕಾರ್ತಿಕ, ಮಾರ್ಗಶಿರಗಳಲ್ಲಿ ನೇಯಬೇಕಿತ್ತು. ಅಲ್ಲದೆ ಸೀಮೆಯ ಬೆದ್ದಲಿನ ದೊಡ್ಡ ಬೆಳೆ ಕಡಲೆಕಾಯಿ. ಅದರ ಕಾಯಿ ಇರುವುದು ಮಣ್ಣಿನೊಳಗೆ, ಗೀಜಗಕ್ಕೆ ದಕ್ಕುವುದಿಲ್ಲ. ಮಳೆಗಾಲದ ಆರಂಭದಲ್ಲಿ ಅದರ ಹೊಟ್ಟೆ ತುಂಬುವುದು ಬದು, ಕಾಲುವೆ, ಕೆರೆಯಂಗಳಗಳ ಹುಲ್ಲಿನ ಬೀಜದಿಂದ. ಆ ಹುಲ್ಲು ಮೊದಲು ಚಿಗುರಿ ಮೊದಲು ತೆನೆಗಟ್ಟುವುದು ತೇವವಿರುವ ಕಡೆಯಲ್ಲಿ.

ಗೂಡಿನ ರಚನೆ

ಗೂಡು ನೇಯುವುದು ಗಂಡು. ಭತ್ತದ ಗರಿ, ದರ್ಬೆ ಜಾತಿಯ ಎತ್ತರದ ಹುಲ್ಲು ಅಥವಾ ಈಚಲು, ತೆಂಗಿನ ಗರಿಯ ಮೇಲೆ ಕೂತು, ಎಲೆಯ ಒಂದಂಚನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ಹಾರುತ್ತದೆ. ಹಾರಿದ ರಭಸಕ್ಕೆ ಎಲೆ ಉದ್ದಕ್ಕೆ ಸೀಳಿ 20ರಿಂದ 60 ಸೆಂಟಿಮೀಟರ್‌ನ ಪಟ್ಟಿ ಬರುತ್ತದೆ. ಪಟ್ಟಿ ಹಸಿಯಾಗಿದ್ದರೆ ಮಾತ್ರ ಸೀಳುವುದೂ ಬಗ್ಗುವುದೂ ಸಾಧ್ಯ. ಒಣಗಿದ ಗರಿ ಮುರಿಯುತ್ತದೆ, ಗಂಟು ಹಿಡಿಯುವುದಿಲ್ಲ. ನೇಯ್ದ ಮೇಲೆ ಒಣಗಿ ಬಿಗಿಯುವುದರಿಂದ ಗೂಡಿಗೆ ಗಟ್ಟಿತನ ಬರುತ್ತದೆ.

ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಗರಿಯ ಅಥವಾ ರೆಂಬೆಯ ತುದಿಗೆ ಪಟ್ಟಿಗಳನ್ನು ಸುತ್ತಿ, ಕುಣಿಕೆ ಹಾಕಿ ತೊಟ್ಟು ಮಾಡಿಕೊಳ್ಳುತ್ತದೆ. ಅದರ ಕೆಳಗೆ ಲಂಬವಾಗಿ ಒಂದು ಬಳೆ. ಬಳೆಯೊಳಗೆ ಕೂತೇ ತನ್ನ ಕೊಕ್ಕು ನಿಲುಕುವಷ್ಟು ದೂರಕ್ಕೆ ಚಾವಣಿ ಇಳಿಸುತ್ತದೆ. ಇದು ಟೊಪ್ಪಿಗೆ ಹಂತ: ಮೇಲೆ ಮುಚ್ಚಿ, ಕೆಳಗೆ ತೆರೆದು, ನಡುವೆ ಅಡ್ಡಪಟ್ಟಿಯಿರುವ ಅರೆಗೂಡು. ಗಂಡು ಇಲ್ಲಿ ನಿಲ್ಲಿಸಿ ಹೆಣ್ಣಿನ ಒಪ್ಪಿಗೆಗೆ ಕಾಯುತ್ತದೆ. ಒಪ್ಪಿದರೆ ಅಡ್ಡಪಟ್ಟಿಯ ಒಂದು ಮಗ್ಗುಲನ್ನು ಮೊಟ್ಟೆಯ ಕೋಣೆಯಾಗಿ ಮುಚ್ಚಿ, ಇನ್ನೊಂದು ಮಗ್ಗುಲಿನಲ್ಲಿ ಕೆಳಮುಖವಾದ ಕೊಳವೆಯನ್ನು ಇಳಿಬಿಡುತ್ತದೆ. ಟೊಪ್ಪಿಗೆಗೆ ಸುಮಾರು ಎಂಟು ದಿನ, ಇಡೀ ಗೂಡಿಗೆ ಸುಮಾರು 18 ದಿನ. ಅಷ್ಟರಲ್ಲಿ ಗಂಡು 500 ಬಾರಿಯವರೆಗೂ ಎಲೆಗೆ ಹೋಗಿ ಬಂದಿರುತ್ತದೆ.

ನೆಲೆಯ ಪ್ರಶ್ನೆಗೆ ಈ ಕೊನೆಯ ಸಂಖ್ಯೆ ಮುಖ್ಯ. ತಿನ್ನಲು ದಿನಕ್ಕೆ ಒಂದೆರಡು ಕಿಲೋಮೀಟರ್ ದೂರ ಹೋಗಿಬರುವುದು ಗುಂಪುಹಕ್ಕಿಗೆ ಭಾರವಲ್ಲ. ಒಮ್ಮೆ ಹೋದರೆ ಹೊಟ್ಟೆ ತುಂಬುತ್ತದೆ. ಎಲೆಯ ವಿಷಯ ಹಾಗಲ್ಲ. ಒಂದು ಹಾರಾಟಕ್ಕೆ ಒಂದೇ ಪಟ್ಟಿ. ಅರ್ಧ ಕಿಲೋಮೀಟರ್ ದೂರದ ಗದ್ದೆಯಿಂದ 500 ಪಟ್ಟಿ ತರಬೇಕಾದರೆ ಒಂದು ಗೂಡಿಗೆ 500 ಕಿಲೋಮೀಟರ್ ಹಾರಾಟ ಬೀಳುತ್ತದೆ. ಗಂಡು ಅಷ್ಟು ಹೊತ್ತು ಗೂಡು ಬಿಟ್ಟುಹೋದರೆ ಪಕ್ಕದ ಗಂಡುಗಳು ಅದರ ಪಟ್ಟಿಗಳನ್ನೇ ಕಿತ್ತು ತಮ್ಮದಕ್ಕೆ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಕಾಳು ದೂರವಿದ್ದರೂ ನಡೆದೀತು, ಎಲೆ ಹತ್ತಿರವೇ ಇರಬೇಕು. ರಾಗಿಹೊಲದ ನಡುವೆ ಒಂಟಿಯಾಗಿ ನಿಂತ ಮರಕ್ಕಿಂತ ಗದ್ದೆಬಯಲಿನ ಅಂಚಿನ ಈಚಲು ಗೂಡುಕೇರಿಗೆ ಒದಗುವುದು ಈ ಲೆಕ್ಕದಿಂದ.

ಟೊಪ್ಪಿಗೆ ಹಂತದಲ್ಲಿ ಗಂಡು ಗೂಡಿನ ಒಳಗೋಡೆಗೆ ಹಸಿ ಮಣ್ಣಿನ, ಕೆಲವೊಮ್ಮೆ ಸಗಣಿಯ ಉಂಡೆಗಳನ್ನು ಮೆತ್ತುತ್ತದೆ. ಅದಕ್ಕೆ ಮಿಣುಕುಹುಳು ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಭಾರತದಲ್ಲೆಲ್ಲ ಹಳೆಯದು. ಗೀಜಗ ರಾತ್ರಿ ಚಟುವಟಿಕೆಯ ಹಕ್ಕಿಯಲ್ಲ, ಮಣ್ಣಿನಲ್ಲಿ ಹುಳು ಸಿಕ್ಕ ದಾಖಲೆಯೂ ಆಧಾರವಾಗಿ ನಿಲ್ಲುವಷ್ಟು ಇಲ್ಲ. ಹಗುರವಾದ ಗೂಡು ಗಾಳಿಗೆ ಹೊಯ್ದಾಡದಂತೆ ಭಾರ ಕೊಡಲು ಈ ಮಣ್ಣು ಎಂಬ ವಿವರಣೆ ಹೆಚ್ಚು ಒಪ್ಪಿತವಾಗಿದೆ. ಆಷಾಢದ ಗಾಳಿ ಬೀಸುವ ಸೀಮೆಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮಣ್ಣು ಹಸಿಯಾಗಿ ಸಿಗಬೇಕಾದರೂ ಹತ್ತಿರ ನೀರಿರಬೇಕೆಂಬುದನ್ನು ಇಲ್ಲಿಯೇ ಸೇರಿಸಬಹುದು.

ಸಂತಾನೋತ್ಪತ್ತಿ

ಗೀಜಗದ ಸಂಸಾರದ ಬಗೆ 20ನೆಯ ಶತಮಾನದವರೆಗೂ ತಪ್ಪಾಗಿ ತಿಳಿದಿತ್ತು. ಗೂಡುಕೇರಿಯಲ್ಲಿ ಪೂರ್ತಿಯಾದ ಗೂಡುಗಳ ಜೊತೆ ಬಹಳಷ್ಟು ಅರೆಗೂಡುಗಳೂ ತೂಗುವುದನ್ನು ಕಂಡ ಹಿಂದಿನ ಪ್ರಕೃತಿಶಾಸ್ತ್ರಜ್ಞರು, ಹೆಣ್ಣು ಕಾವಿಗೆ ಕೂತಾಗ ಗಂಡು ತಾನು ತಂಗಲು ಅವನ್ನು ಕಟ್ಟಿಕೊಳ್ಳುತ್ತದೆ ಎಂದು ಬಗೆದಿದ್ದರು. ಸಾಲಿಂ ಅಲಿ ಮುಂಬಯಿಯ ದಕ್ಷಿಣಕ್ಕಿರುವ ಕಿಹಿಮ್‌ನಲ್ಲಿ 1930ರ ಮಳೆಗಾಲದಲ್ಲಿ ಒಂದು ಗೂಡುಕೇರಿಯನ್ನು ಬಿಡದೆ ಗಮನಿಸಿ ಬೇರೆಯೇ ಚಿತ್ರ ಕೊಟ್ಟರು. ಹೆಣ್ಣುಗಳು ಟೊಪ್ಪಿಗೆ ಹಂತದ ಗೂಡುಗಳನ್ನು ಒಂದೊಂದಾಗಿ ಹೊಕ್ಕು, ಎಳೆದು, ಜಗ್ಗಿ ನೋಡುತ್ತವೆ. ಒಪ್ಪಿದ ಗೂಡನ್ನು ಸೇರಿಕೊಂಡ ಮೇಲೆ ಗಂಡು ಅದನ್ನು ಮುಗಿಸಿಕೊಟ್ಟು, ಪಕ್ಕದಲ್ಲೇ ಮತ್ತೊಂದನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಂದು ಗಂಡಿಗೆ ಒಂದರ ಹಿಂದೊಂದು ಎರಡು ಮೂರು ಸಂಸಾರ. ಅರೆಗೂಡುಗಳು ಹೆಣ್ಣುಗಳು ಒಲ್ಲದೆ ಬಿಟ್ಟವು ಅಥವಾ ಮುಂದಿನ ಹೆಣ್ಣಿಗಾಗಿ ಕಾದಿರುವವು. ಭಾರತದ ಪಕ್ಷಿಶಾಸ್ತ್ರ ಬರೀ ಸಂಗ್ರಹದಿಂದ ನಡವಳಿಯ ಅಧ್ಯಯನದತ್ತ ಹೊರಳಿದ ಮೊದಲ ಹೆಜ್ಜೆಗಳಲ್ಲಿ ಈ ಕೆಲಸ ಒಂದು. ಮುಂದೆ ವಿ. ಸಿ. ಅಂಬೇಡ್ಕರ್ ಇದನ್ನು ಬೆಳೆಸಿ ಭಾರತದ ನೇಕಾರ ಹಕ್ಕಿಗಳ ಮೇಲೆ 1964ರಲ್ಲಿ ಪುಸ್ತಕ ತಂದರು.

ಹೆಣ್ಣು 2ರಿಂದ 4 ಬಿಳಿಯ ಮೊಟ್ಟೆ ಇಡುತ್ತದೆ. ಕಾವು 14ರಿಂದ 17 ದಿನ, ಮರಿ ಹಾರಲು ಇನ್ನೂ ಸುಮಾರು 17 ದಿನ. ಕಾವೂ ಸಾಕಣೆಯೂ ಬಹುಮಟ್ಟಿಗೆ ಹೆಣ್ಣಿನ ಪಾಲು. ನೇಯ್ಗೆ ಶುರುವಾದಂದಿನಿಂದ ಲೆಕ್ಕ ಹಾಕಿದರೆ ಒಂದು ಸುತ್ತಿಗೆ 50 ದಿನಕ್ಕೂ ಹೆಚ್ಚು ಬೇಕು. ಸಿರಾ, ಪಾವಗಡಗಳಂಥ ಕಡೆ ಮುಂಗಾರು ತಡವಾಗಿ, ನಡುವೆ ಬಿಡುವು ಕೊಟ್ಟು ಬೀಳುವುದರಿಂದ ಎಲ್ಲ ಗಂಡುಗಳಿಗೂ ಎರಡು ಮೂರು ಸುತ್ತು ಮುಗಿಸಲು ಕಾಲ ಸಾಲುವುದು ಕಷ್ಟ. ಮಳೆ ಹಿಂದುಮುಂದಾದರೂ ಎಲೆ ಹಸಿರಾಗಿರುವ ತಾಣಗಳಲ್ಲಿ ಮಾತ್ರ ಋತು ಹಿಗ್ಗುತ್ತದೆ.

ಬಹುಪತ್ನೀತ್ವಕ್ಕೂ ಗುಂಪುಗೂಡಿಗೂ ಕಾರಣ ಆಹಾರವೇ ಎಂಬ ಪ್ರಬಲ ವಾದವೊಂದಿದೆ, ಅದನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಜಾನ್ ಕ್ರೂಕ್ 1964ರಲ್ಲಿ ಆಫ್ರಿಕಾ, ಏಷ್ಯಾಗಳ ನೇಕಾರ ಹಕ್ಕಿಗಳನ್ನು ಒಟ್ಟಾಗಿ ಹೋಲಿಸಿ ಒಂದು ಕ್ರಮವನ್ನು ತೋರಿಸಿದರು: ಕಾಡಿನಲ್ಲಿ ಹುಳು ತಿನ್ನುವ ಪ್ರಭೇದಗಳು ಒಂಟಿಜೋಡಿಯಾಗಿ, ಚದುರಿ ಗೂಡು ಕಟ್ಟುತ್ತವೆ, ಬಯಲಿನಲ್ಲಿ ಬೀಜ ತಿನ್ನುವವು ಗುಂಪಾಗಿ, ಬಹುಪತ್ನಿಯರೊಂದಿಗೆ ಬಾಳುತ್ತವೆ. ಬಯಲಿನ ಬೀಜ ಒಂದೇ ಕಡೆ ರಾಶಿಯಾಗಿ ಸಿಗುವುದರಿಂದ ಗುಂಪಿನಲ್ಲಿ ಹುಡುಕುವುದು ಲಾಭ, ಸುರಕ್ಷಿತ ಗೂಡುತಾಣ ವಿರಳವಾದ್ದರಿಂದ ಒಟ್ಟಿಗೆ ಸೇರುವುದು ಅನಿವಾರ್ಯ ಎಂಬುದು ಅವರ ತರ್ಕ. ಈ ತರ್ಕ ಕಾಳಿನ ಪರವಾಗಿರುವಂತೆ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅದು ಉತ್ತರಿಸುವುದು ಗೀಜಗ ಏಕೆ ಗುಂಪುಜೀವಿಯಾಯಿತು ಎಂಬ ವಿಕಾಸದ ಪ್ರಶ್ನೆಯನ್ನು. ಈ ವರ್ಷ ಈ ಊರಿನ ಯಾವ ಮರದಲ್ಲಿ ಗೂಡುಕೇರಿ ಬೀಳುತ್ತದೆ ಎಂಬುದನ್ನಲ್ಲ. ಎರಡನೆಯ ಪ್ರಶ್ನೆಗೆ ಕ್ರೂಕ್ ಅವರ ತರ್ಕದ ಎರಡನೆಯ ಭಾಗವೇ, ಅಂದರೆ ಒಳ್ಳೆಯ ತಾಣ ವಿರಳ ಎಂಬುದೇ, ಉತ್ತರ. ಗೂಡಿನ ಆಕಾರಕ್ಕಿಂತ ಗೂಡು ಎಲ್ಲಿ ತೂಗುತ್ತಿದೆ ಎಂಬುದಕ್ಕೇ ಹೆಣ್ಣು ಹೆಚ್ಚು ಬೆಲೆ ಕೊಡುತ್ತದೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿರುವುದು ಇದಕ್ಕೆ ಒತ್ತಾಸೆ.

ಗೂಡುಕೇರಿಯ ತಾಣ

ಒಂದು ಗೂಡುಕೇರಿಯಲ್ಲಿ ಸಾಮಾನ್ಯವಾಗಿ 20ರಿಂದ 30 ಗೂಡುಗಳು, ಅಪರೂಪಕ್ಕೆ ನೂರಕ್ಕೂ ಮೇಲೆ. ಆರಿಸುವ ಮರಗಳಲ್ಲಿ ತಾಳೆ, ತೆಂಗು, ಈಚಲು ಮತ್ತು ಮುಳ್ಳಿನ ಜಾಲಿಗಳು ಮೊದಲು. ಈ ನಾಲ್ಕು ತಾಲ್ಲೂಕುಗಳಲ್ಲಿ ತಾಳೆ ವಿರಳವಾದ್ದರಿಂದ ಅದರ ಸ್ಥಾನ ಈಚಲಿನದು. ಹಳ್ಳದ ದಡ, ಕೆರೆಯ ಕೆಳಗು, ತಲಪರಿಗೆಯ ಸುತ್ತ ತಾನಾಗಿ ಬೆಳೆಯುವ ಈಚಲಿಗೆ ಗೀಜಗ ಬಯಸುವ ಗುಣಗಳೆಲ್ಲ ಇವೆ: ಗರಿಯ ತುದಿ ಬಾಗಿ ತೂಗುತ್ತದೆ, ಬುಡದಲ್ಲಿ ಚೂಪಾದ ಮುಳ್ಳು, ಗರಿಯೇ ನೇಯ್ಗೆಯ ಪಟ್ಟಿ. ತೋಡುಬಾವಿ ಇನ್ನೊಂದು ಒಳ್ಳೆಯ ತಾಣ. ಗೋಡೆಯ ಸಂದಿನಲ್ಲಿ ಬೇರೂರಿ ಒಳಕ್ಕೆ ಬಾಗಿದ ಗಿಡಕ್ಕೆ, ನೀರಿನ ನೇರ ಮೇಲಕ್ಕೆ ಗೂಡು ತೂಗಿದರೆ ಹಾವು, ಇಲಿ, ಕೋತಿಗಳಿಗೆ ಹೊರಗಿನಿಂದ ದಾರಿ ಸಿಗುವುದಿಲ್ಲ. ಕಣಜದ ಗೂಡು ಅಥವಾ ಕೆಂಜಿಗದ ಗೂಡಿರುವ ಮರವನ್ನು ಆರಿಸಿಕೊಳ್ಳುವುದೂ ಇದೇ ಉದ್ದೇಶಕ್ಕೆ.

ನೀರಿನ ಬಳಿ ಗೂಡು ಕಟ್ಟುವುದು ಶತ್ರುಭಯದಿಂದ ಮಾತ್ರ, ಎಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಕ್ಷೇಪಿಸಬಹುದು. ರಕ್ಷಣೆಯ ಪಾತ್ರ ದೊಡ್ಡದೇ, ನಿಜ. ಆದರೆ ರಕ್ಷಣೆಯೊಂದೇ ಸಾಕಿದ್ದರೆ ಗೋಮಾಳ, ಕೆರೆಯಂಗಳ, ರಸ್ತೆಬದಿಗಳನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿಯ ಮುಳ್ಳಿನಲ್ಲಿ ಗೀಜಗ ಎಲ್ಲೆಂದರಲ್ಲಿ ಗೂಡು ತೂಗಬೇಕಿತ್ತು. ಜಾಲಿ ಸೀಮೆಯುದ್ದಕ್ಕೂ ಇದೆ, ಗೂಡುಕೇರಿ ಅಷ್ಟುದ್ದಕ್ಕೂ ಇಲ್ಲ. ಜಾಲಿಯ ಸಣ್ಣೆಲೆಯಿಂದ ಪಟ್ಟಿ ಬರುವುದಿಲ್ಲ. ಹತ್ತಿರ ಭತ್ತವೋ ಎತ್ತರದ ಹುಲ್ಲೋ ಇದ್ದಾಗಲೇ ಅದು ಉಪಯೋಗಕ್ಕೆ ಬರುತ್ತದೆ. ವಿದ್ಯುತ್ ತಂತಿಗೆ ಜೋತುಬಿದ್ದ ಗೂಡುಗಳನ್ನು ತೋರಿಸಿ, ಮರವೇ ಬೇಡ ಎನ್ನುವವರೂ ಉಂಟು. ತಂತಿಯ ಗೂಡು ಸಾಬೀತು ಮಾಡುವುದು ಆಸರೆಯ ವಿಷಯದಲ್ಲಿ ಗೀಜಗ ಹೊಂದಿಕೊಳ್ಳಬಲ್ಲದು ಎಂಬುದನ್ನು. ತಂತಿಯ ಕೆಳಗೆ ಏನು ಬೆಳೆದಿದೆ ಎಂದು ನೋಡಿದರೆ ಎಲೆಯ ವಿಷಯದಲ್ಲಿ ಹಾಗೆ ಹೊಂದಿಕೊಳ್ಳಲು ಅದಕ್ಕೆ ಅವಕಾಶವಿಲ್ಲವೆಂಬುದು ತಿಳಿಯುತ್ತದೆ.

ಗೂಡುಗಳು ಮರದ ಮೂಡಣ ಮಗ್ಗುಲಲ್ಲೇ ಹೆಚ್ಚು ಎಂಬ ಮಾತು ಭಾರತದ ಹಲವೆಡೆಯ ಗಮನಿಕೆಗಳಲ್ಲಿದೆ, ನೈಋತ್ಯ ಮುಂಗಾರಿನ ಮಳೆಯಿಂದ ತಪ್ಪಿಸಿಕೊಳ್ಳಲು ಹೀಗೆ ಎಂಬ ವಿವರಣೆಯೂ ಜೊತೆಗಿದೆ. ಎಲ್ಲ ಕಡೆಯೂ ಈ ಒಲವು ಒಂದೇ ಪ್ರಮಾಣದಲ್ಲಿ ಕಂಡಿಲ್ಲ. ಈ ಸೀಮೆಗೆ ಬಂದರೆ ಆ ವಿವರಣೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು: ಗೂಡಿನ ಅಸ್ತಿವಾರ ಬೀಳುವ ತಿಂಗಳುಗಳಲ್ಲಿ ಇಲ್ಲಿ ಪಡುವಣದಿಂದ ಬರುವುದು ಮಳೆಗಿಂತ ಹೆಚ್ಚಾಗಿ ಗಾಳಿ. ಒಣಗಿ ಬಿಗಿಯದ ಹಸಿ ತೊಟ್ಟನ್ನು ಗಾಳಿ ಸುಲಭವಾಗಿ ಸಡಿಲಿಸುತ್ತದೆ.

ಬೆಳೆ ಮತ್ತು ಗೀಜಗ

ತೆನೆಗಟ್ಟಿದ ಸಜ್ಜೆ, ಜೋಳ, ನವಣೆ, ಭತ್ತಗಳಿಗೆ ಗುಂಪುಗಳು ಎರಗಿ ನಷ್ಟ ಮಾಡುವುದು ನಿಜ. ಅಟ್ಟಣೆ ಕಟ್ಟಿ ಕವಣೆ ಬೀಸುವುದು, ತಮಟೆ ಬಡಿಯುವುದು, ಬೆದರುಬೊಂಬೆ ನಿಲ್ಲಿಸುವುದು ಹಳೆಯ ಉಪಾಯಗಳು. ನಷ್ಟ ಬೀಳುವುದು ಸಮನಾಗಿ ಅಲ್ಲ. ಊರೆಲ್ಲ ಒಂದೇ ಬೆಳೆ ಇಟ್ಟು ಒಂದೇ ಕಾಲಕ್ಕೆ ಕೊಯ್ದರೆ ಹಂಚಿಹೋಗುವ ಹಾನಿ, ಸುತ್ತ ಕಡಲೆಕಾಯಿಯಿದ್ದು ನಡುವೆ ಒಬ್ಬರೇ ನವಣೆ ಬೆಳೆದಾಗ ಅವರೊಬ್ಬರ ತಲೆಗೇ ಬರುತ್ತದೆ. ಕಿರುಧಾನ್ಯಗಳಿಗೆ ಮತ್ತೆ ಬೇಡಿಕೆ ಬಂದಿರುವ ಈ ದಿನಗಳಲ್ಲಿ ಬೆಳೆಗಾರರು ಹಕ್ಕಿಕಾಟವನ್ನು ಮುಂದಿಡುವುದಕ್ಕೆ ಇದು ಕಾರಣ, ಅವರ ದೂರು ಉತ್ಪ್ರೇಕ್ಷೆಯಲ್ಲ. ಅದೇ ಗೀಜಗ ಮರಿಗಳಿಗೆಂದು ಮಿಡತೆ, ಕಂಬಳಿಹುಳುಗಳನ್ನು ಹಿಡಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಪೈರು ಹುಳುವಿಗೆ ತುತ್ತಾಗುವ ಕಾಲದಲ್ಲಿ. ಎರಡನ್ನೂ ತೂಗಿ ಒಂದು ಅಂಕಿ ಹೇಳುವುದಕ್ಕಿಂತ ಕಾಲವನ್ನು ಬಿಡಿಸಿ ಹೇಳುವುದು ಸರಿ: ಮಳೆಗಾಲದಲ್ಲಿ ಗದ್ದೆಯ ಸುತ್ತ ಉಪಕಾರಿ, ಸುಗ್ಗಿಯಲ್ಲಿ ಬೆದ್ದಲಿನ ಮೇಲೆ ಅಪಕಾರಿ.

 

ಈಗಿನ ಸ್ಥಿತಿ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಗೀಜಗ ‘ಅತಿ ಕಡಿಮೆ ಆತಂಕ’ದ ವರ್ಗದಲ್ಲಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ. ಹಿಡಿಯುವುದು, ಮಾರುವುದು ನಿಷಿದ್ಧ. ಸೀಮೆಯ ಮಟ್ಟದಲ್ಲಿ ಬದಲಾಗಿರುವುದು ನೆಲೆ. ಕೊಳವೆಬಾವಿಗಳು ಆಳಕ್ಕಿಳಿದಂತೆ ತೋಡುಬಾವಿಗಳು ಬತ್ತಿದವು, ಹಲವನ್ನು ಮುಚ್ಚಲಾಯಿತು. ಅಂತರ್ಜಲ ಕುಸಿದಲ್ಲಿ ತಲಪರಿಗೆಯ ಒಸರು ನಿಂತಿತು. ಕೆರೆ ತುಂಬುವುದು ಅಪರೂಪವಾದಂತೆ ಅಚ್ಚುಕಟ್ಟಿನ ಭತ್ತ ಕುಗ್ಗಿತು. ಚಾಪೆ, ಬುಟ್ಟಿ, ಪೊರಕೆ, ಸೇಂದಿಗಳಿಂದ ಈಚಲಿಗಿದ್ದ ಬೆಲೆ ಇಳಿದಾಗ ಅದನ್ನು ಕಡಿದು ನೆಲ ಹಸನು ಮಾಡುವುದು ಸುಲಭವಾಯಿತು. ಕಾಳೇ ನಿರ್ಣಾಯಕವಾಗಿದ್ದರೆ ಈ ಬದಲಾವಣೆಗಳಿಂದ ಗೀಜಗಕ್ಕೆ ಹೆಚ್ಚೇನೂ ಆಗಬಾರದು, ಏಕೆಂದರೆ ರಾಗಿ ಇನ್ನೂ ಬೆಳೆಯುತ್ತಿದೆ. ನೀರಿನ ನೆಲೆ ನಿರ್ಣಾಯಕವಾಗಿದ್ದರೆ ಗೂಡುಕೇರಿಗಳು ಕಡಿಮೆ ತಾಣಗಳಿಗೆ ಒತ್ತರಿಸಬೇಕು.

ಇದಕ್ಕೆ ಗಟ್ಟಿಯಾದ ಒಂದು ಪ್ರತಿವಾದವಿದೆ. ಅದೇ ಕೊಳವೆಬಾವಿಗಳು ಸಿರಾ, ಕೊರಟಗೆರೆ, ಮಧುಗಿರಿಗಳಲ್ಲಿ ಹೊಸ ತೆಂಗು, ಅಡಿಕೆ ತೋಟಗಳನ್ನು ಎಬ್ಬಿಸಿವೆ. ತೆಂಗು ಗೂಡಿಗೆ ಆಸರೆಯನ್ನೂ ಪಟ್ಟಿಯನ್ನೂ ಒಟ್ಟಿಗೆ ಕೊಡುತ್ತದೆ, ಬೇಸಗೆಯಲ್ಲೂ ಹಸಿರಾಗಿರುತ್ತದೆ. ಈ ಮಾತನ್ನು ಒಪ್ಪಲೇಬೇಕು. ತೆಂಗಿನ ತೋಟ ಈಚಲಿನ ಜಾಗವನ್ನು ಒಂದು ಮಟ್ಟಿಗೆ ತುಂಬುತ್ತದೆ. ಆದರೂ ಎರಡೂ ಒಂದೇ ಅಲ್ಲ. ಉತ್ತು ಕಳೆ ತೆಗೆದ ತೋಟದ ನೆಲದಲ್ಲಿ ಹುಲ್ಲುಬೀಜವೂ ಮಿಡತೆಯೂ ಕಡಿಮೆ; ಕಾಯಿ ಕೀಳುವಾಗ ಗರಿ ಸವರುತ್ತಾರೆ; ಅಡಿಕೆಯ ಗರಿ ಮೊಂಡಾಗಿ ನೆಟ್ಟಗೆ ನಿಲ್ಲುವುದರಿಂದ ತೂಗುಗೂಡಿಗೆ ಒಗ್ಗುವುದು ಕಡಿಮೆ. ಹೇಮಾವತಿಯ ನೀರು ಹರಿಯುವ ಕಳ್ಳಂಬೆಳ್ಳ, ಸಿರಾ ಕೆರೆಗಳಂಥವುಗಳಲ್ಲೂ ನೀರು ನಿಲ್ಲುವುದೊಂದೇ ಸಾಲದು. ಕುಡಿಯುವ ನೀರಿಗೆಂದು ಹಿಡಿದಿಟ್ಟು ತೂಬು ಎತ್ತದಿದ್ದರೆ ಅಚ್ಚುಕಟ್ಟಿನಲ್ಲಿ ಭತ್ತದ ಗರಿಯಿಲ್ಲ. ಆಗ ಕೆರೆಯ ಹಿನ್ನೀರಿನ ಆಪು, ಹುಲ್ಲುಗಳೇ ಗತಿ.

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನ 2018ರಿಂದ ವಿದ್ಯುತ್ ಕೊಡುತ್ತಿದೆ. ಬಹುಪಾಲು ಬೆದ್ದಲು ನೆಲ ಅದರಡಿ ಹೋಗಿರುವುದರಿಂದ, ಮೇಲಿನ ವಾದದಂತೆ ಗೂಡುಕೇರಿಗಳ ಮೇಲೆ ನೇರ ಹೊಡೆತ ಸಣ್ಣದಿರಬೇಕು, ಬೇಸಗೆಯ ಗುಂಪುಗಳು ಬೀಜ ಹೆಕ್ಕುವ ಕೂಳೆನೆಲ ಕಡಿಮೆಯಾಗಿರಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 324 ಹೆಕ್ಟೇರ್‌ನ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಅದು ಹುಲ್ಲುಗಾವಲಿನ ಪ್ರಾಣಿಗಳಿಗಾಗಿ ಮೀಸಲಾದದ್ದು. ಬೀಜದ ದೃಷ್ಟಿಯಿಂದ ಗೀಜಗಕ್ಕೂ ಒದಗುತ್ತದೆ. ಗೂಡಿನ ದೃಷ್ಟಿಯಿಂದ ಅದರ ಹೊರಗಿನ ಹಳ್ಳ, ಬಾವಿ, ತೋಟಗಳೇ ಬೇಕು.

ಎಣಿಕೆಯ ತೊಡಕು

ಗೂಡು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಹಕ್ಕಿಯ ಸಂಖ್ಯೆ ಸಿಗುವುದಿಲ್ಲ. ಒಣಗಿದ ಗೂಡು ಮುಂದಿನ ಮಳೆಗಾಲದವರೆಗೂ ತೂಗುತ್ತಿರುತ್ತದೆ, ಅದರಲ್ಲಿ ಬಿಳಿ ಗಂಟಲಿನ ರಾಟವಾಳ ಮೊಟ್ಟೆ ಇಟ್ಟಿರಬಹುದು, ಮರದ ಇಲಿ ಮನೆ ಮಾಡಿರಬಹುದು. ಒಂದು ಗಂಡು ಹಲವು ಗೂಡು ಕಟ್ಟುವುದರಿಂದಲೂ, ಅವುಗಳಲ್ಲಿ ಹೆಣ್ಣು ಒಪ್ಪದ ಅರೆಗೂಡುಗಳು ಸೇರಿರುವುದರಿಂದಲೂ 40 ಗೂಡು ತೂಗುವ ಮರದಲ್ಲಿ 40 ಸಂಸಾರವಿದೆ ಎನ್ನಲಾಗದು. ಹೀಗಾಗಿ ಎಣಿಸುವಾಗ ಮೂರು ಬಗೆ ಮಾಡಿಕೊಳ್ಳಬೇಕು: ಹಸಿರು ಬಣ್ಣದ ಟೊಪ್ಪಿಗೆಗಳು, ಕೊಳವೆ ಇಳಿಸಿ ಪೂರ್ತಿಯಾದವು, ಹಳೆಯ ವರ್ಷದ ಒಣಗೂಡುಗಳು. ಸಂಸಾರದ ಲೆಕ್ಕಕ್ಕೆ ಎರಡನೆಯದು ಮಾತ್ರ ಬರುತ್ತದೆ. ಟೊಪ್ಪಿಗೆಗಳ ಪ್ರಮಾಣ ವಿಪರೀತ ಹೆಚ್ಚಿದ್ದರೆ ಗಂಡುಗಳು ನೇಯ್ದ ಆ ತಾಣವನ್ನು ಹೆಣ್ಣುಗಳು ಒಪ್ಪುತ್ತಿಲ್ಲವೆಂದು ತಿಳಿಯಬೇಕು. ಎಣಿಕೆಯ ಜೊತೆ ಹತ್ತಿರದ ಭತ್ತ ಅಥವಾ ಎತ್ತರದ ಹುಲ್ಲು ಎಷ್ಟು ದೂರದಲ್ಲಿದೆ ಎಂಬ ಅಳತೆಯನ್ನೂ ಬರೆದಿಟ್ಟರೆ, ಎಲೆ ಮುಖ್ಯವೋ ಕಾಳು ಮುಖ್ಯವೋ ಎಂಬುದನ್ನು ಒಂದೊಂದು ಕೆರೆಯ ಕೆಳಗೂ ಪರೀಕ್ಷಿಸಬಹುದು.